ಓಲೆಯ ಕಟ್ಟು, ಓದುವ ಕಣ್ಣು

ಮಹಾನವಮಿಯ ಸರಸ್ವತೀಪೂಜೆಯ ದಿನ ನಮ್ಮ ನಾಡಿನ ಕೆಲವು ಹಳೆಯ ಮನೆಗಳಲ್ಲಿ ಓಲೆಗರಿಯ ಕಟ್ಟುಗಳನ್ನು ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಅರಿಸಿನ ಕುಂಕುಮವಿಟ್ಟು ಪೂಜಿಸಿ, ಮರುದಿನ ಮತ್ತೆ ಅಟ್ಟಕ್ಕೆ ಏರಿಸುವುದುಂಟು. ಅದರೊಳಗೆ ಏನು ಬರೆದಿದೆ ಎಂದು ಕೇಳಿದರೆ ‘ಹಿರಿಯರು ಇಟ್ಟದ್ದು’ ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದು ಅಪರೂಪ. ಅಲ್ಲಿ ಭಕ್ತಿಗೆ ಕೊರತೆಯಿಲ್ಲ. ಓದಿಗೆ ಮಾತ್ರ ಕೊರತೆ. ಗ್ರಂಥವೊಂದು ಬೆಂಕಿಯಲ್ಲಿ ಸುಟ್ಟುಹೋದರೆ ಅದು ನಾಶವಾಯಿತೆಂದು ನಾವು ಮರುಗುತ್ತೇವೆ. ಕಣ್ಣೆದುರಿಗೇ ಇದ್ದು ಓದುವವರಿಲ್ಲದಿದ್ದರೆ ಅದನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಮೈಸೂರು ವಿಶ್ವವಿದ್ಯಾನಿಲಯದ ಹಸ್ತಪ್ರತಿ ಭಂಡಾರವನ್ನು ಉದಾಹರಣೆಯಾಗಿ ತೆಗೆದುಕೊಂಡು, ಹಸ್ತಪ್ರತಿಗಳೆಂದರೇನು, ಅವು ಹೇಗೆ ಉಳಿದುಬಂದವು, ಅವುಗಳಿಂದ ವಿದ್ಯಾರ್ಥಿಗಳಾದ ನಮಗೇನು ಸಂಬಂಧ ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಮೊದಲು ಹಸ್ತಪ್ರತಿಯ ಸ್ವರೂಪವನ್ನು ನೋಡೋಣ. ಅಚ್ಚಿನ ಯಂತ್ರ ಬರುವ ಮುನ್ನ ನಮ್ಮ ಕಡೆ ಗ್ರಂಥಗಳನ್ನು ಹೆಚ್ಚಾಗಿ ಬರೆಯುತ್ತಿದ್ದುದು ತಾಳೆ ಮತ್ತು ಶ್ರೀತಾಳೆ ಎಂಬ ಮರಗಳ ಗರಿಗಳ ಮೇಲೆ. ಶ್ರೀತಾಳೆಯ ಗರಿ ಅಗಲವಾದುದು, ತೆಳುವಾದುದು, ಬಾಗಿದರೆ ಬೇಗ ಮುರಿಯದು. ಗರಿಗಳನ್ನು ಕೊಯ್ದು, ಬೇಯಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ಬರೆಯುವುದು ಮಸಿಯಿಂದಲ್ಲ, ಕಂಟ ಎಂಬ ಕಬ್ಬಿಣದ ಮೊನೆಯಿಂದ ಅಕ್ಷರಗಳನ್ನು ಗೀರುವುದು. ಅನಂತರ ದೀಪದ ಕಾಡಿಗೆಯನ್ನು ಎಣ್ಣೆಯಲ್ಲಿಯೋ ಸೊಪ್ಪಿನ ರಸದಲ್ಲಿಯೋ ಕಲಸಿ ಗರಿಯ ಮೇಲೆ ಬಳಿದು ಒರೆಸಿದರೆ, ಗೀರಿದ ಜಾಗದಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಎದ್ದು ಕಾಣುತ್ತದೆ. ಗರಿಗಳಿಗೆ ತೂತು ಮಾಡಿ, ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯಿಟ್ಟು ಬಿಗಿದರೆ ಅದೇ ಒಂದು ಕಟ್ಟು. ಒಂದು ಕಟ್ಟಿನಲ್ಲಿ ಒಂದೇ ಕೃತಿ ಇರಬೇಕೆಂಬ ನಿಯಮವಿಲ್ಲ. ಪುರಾಣವೊಂದರ ಹಿಂದೆ ವೈದ್ಯದ ಕೆಲವು ಗರಿ, ಅದರ ಹಿಂದೆ ಲೆಕ್ಕದ ಸೂತ್ರಗಳು ಸೇರಿಕೊಂಡಿರಬಹುದು. ಆದುದರಿಂದ ಕಟ್ಟುಗಳ ಸಂಖ್ಯೆ ಬೇರೆ, ಕೃತಿಗಳ ಸಂಖ್ಯೆ ಬೇರೆ.

ಓಲೆಗರಿಗೂ ಆಯುಸ್ಸುಂಟು. ಗೆದ್ದಲು, ಹುಳು, ತೇವ, ಹೊಗೆ ಎಲ್ಲವೂ ಅದರ ಶತ್ರುಗಳೇ. ನಮ್ಮಂಥ ಹವೆಯಲ್ಲಿ ಓಲೆ ಕೆಲವು ಶತಮಾನ ಬಾಳಿದರೆ ಅದೇ ದೊಡ್ಡದು. ಹಾಗಿದ್ದೂ ಸಾವಿರ ವರ್ಷಗಳ ಹಿಂದಿನ ಪಂಪನ ಕಾವ್ಯ ನಮ್ಮ ತರಗತಿಗೆ ಬಂದಿರುವುದು ಹೇಗೆ? ಪ್ರತಿ ಜೀರ್ಣವಾಗುವ ಮುನ್ನ ಯಾರೋ ಒಬ್ಬರು ಕುಳಿತು ಇನ್ನೊಂದು ಪ್ರತಿ ಮಾಡಿದರು. ಅದು ಜೀರ್ಣವಾಗುವ ಮುನ್ನ ಮತ್ತೊಬ್ಬರು ಮಾಡಿದರು. ಗ್ರಂಥದ ಕೊನೆಗೆ ಲಿಪಿಕಾರರು ಬಗ್ಗಿ ಕುಳಿತು ಕತ್ತು ಸೊಂಟ ನೊಂದುದನ್ನು ಹೇಳಿಕೊಂಡು, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲ ಕಟ್ಟಿನಿಂದಲೂ ಇದನ್ನು ಕಾಪಾಡಬೇಕೆಂದು ಬೇಡಿಕೊಳ್ಳುವ ವಾಡಿಕೆಯಿತ್ತು. ಅದು ಬರಿಯ ಔಪಚಾರಿಕ ಮಾತಲ್ಲವೆಂಬುದು ಒಂದು ಪುಟವನ್ನಾದರೂ ಕೈಯಿಂದ ನಕಲು ಮಾಡಿದವರಿಗೆ ತಿಳಿಯುತ್ತದೆ.

ಪ್ರತಿ ಮಾಡಿಸುವವರಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ನಮ್ಮ ಸಾಹಿತ್ಯ ಚರಿತ್ರೆಯೇ ಸಾಕ್ಷಿ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆ ಕಾವ್ಯ ಉಳಿದಿದೆ. ಅದೇ ಪೊನ್ನನ ‘ಭುವನೈಕರಾಮಾಭ್ಯುದಯ’ ನಮಗೆ ದೊರೆತಿಲ್ಲ. ರನ್ನನ ‘ಪರಶುರಾಮಚರಿತ’ವೂ ಹೆಸರಾಗಿ ಮಾತ್ರ ಉಳಿದಿದೆ. ‘ಕವಿರಾಜಮಾರ್ಗ’ವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯಕಾರರನ್ನು ಹೆಸರಿಸುತ್ತದೆ, ಅವರ ಗ್ರಂಥಗಳಲ್ಲಿ ಒಂದೂ ನಮ್ಮ ಕೈಯಲ್ಲಿಲ್ಲ. ಆ ‘ಕವಿರಾಜಮಾರ್ಗ’ವಾದರೂ ಕೆ. ಬಿ. ಪಾಠಕರಿಂದ ಸಂಪಾದಿತವಾಗಿ ಅಚ್ಚಾದುದು 1898ರಲ್ಲಿ. ಒಂಬತ್ತನೆಯ ಶತಮಾನದ ಕೃತಿ ಸುಮಾರು ಸಾವಿರ ವರ್ಷ ಓಲೆಯಿಂದ ಓಲೆಗೆ ದಾಟುತ್ತಾ ಬಂದಿತೆಂದಾಯಿತು. ಆ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಕನ್ನಡದ ಮೊದಲ ಲಕ್ಷಣಗ್ರಂಥದ ಹೆಸರನ್ನೂ ನಾವು ಕೇಳುತ್ತಿರಲಿಲ್ಲ.

ಮನೆಮನೆಯ ಅಟ್ಟದಲ್ಲಿಯೂ ಮಠ ಬಸದಿಗಳ ಭಂಡಾರಗಳಲ್ಲಿಯೂ ಹರಡಿಹೋಗಿದ್ದ ಈ ಸಂಪತ್ತನ್ನು ಒಂದೆಡೆ ಕೂಡಿಸಬೇಕೆಂಬ ಆಲೋಚನೆ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಲಗೊಂಡಿತು. ಹತ್ತನೆಯ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರಿನಲ್ಲಿ ಓರಿಯೆಂಟಲ್ ಲೈಬ್ರರಿ ಸ್ಥಾಪಿತವಾಯಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣಮಹೋತ್ಸವದ ನೆನಪಿಗಾಗಿ 1887ರಲ್ಲಿ ಅಸ್ತಿಭಾರ ಹಾಕಿದ ಜ್ಯೂಬಿಲಿ ಭವನ ಅದರ ನೆಲೆಯಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಈ ಭಂಡಾರ ಅದರ ಅಂಗವಾಯಿತು. 1943ರಲ್ಲಿ ಪ್ರಾಚ್ಯವಿದ್ಯಾ ಸಂಶೋಧನಾಲಯವೆಂಬ ಹೆಸರನ್ನು ಪಡೆಯಿತು. 1966ರಲ್ಲಿ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಏರ್ಪಟ್ಟಾಗ ಕನ್ನಡ ವಿಭಾಗ ಅಲ್ಲಿಗೆ ಸೇರಿತು. ಎರಡೂ ಕಡೆ ಸೇರಿ ಹತ್ತಾರು ಸಾವಿರ ಕೃತಿಗಳ ಹಸ್ತಪ್ರತಿಗಳಿವೆ. ಸಂಗ್ರಹಿಸುವುದು, ಕಾಪಾಡುವುದು, ಸೂಚಿ ತಯಾರಿಸುವುದು, ಶೋಧಿಸಿ ಅಚ್ಚು ಹಾಕುವುದು ಇವು ಇಂಥ ಸಂಸ್ಥೆಯ ನಾಲ್ಕು ಮುಖ್ಯ ಕೆಲಸಗಳು.

ಈ ನಾಲ್ಕು ಕೆಲಸಗಳು ಒಂದರ ಕೈಯನ್ನೊಂದು ಹಿಡಿದರೆ ಏನಾಗಬಹುದು ಎಂಬುದಕ್ಕೆ ‘ಅರ್ಥಶಾಸ್ತ್ರ’ದ ವೃತ್ತಾಂತಕ್ಕಿಂತ ಮಿಗಿಲಾದ ನಿದರ್ಶನ ಬೇಕಾಗಿಲ್ಲ. ಕೌಟಿಲ್ಯನ ಹೆಸರು ನಮ್ಮವರಿಗೆ ಎಂದೂ ಅಪರಿಚಿತವಾಗಿರಲಿಲ್ಲ. ವಿಶಾಖದತ್ತನ ‘ಮುದ್ರಾರಾಕ್ಷಸ’ದಲ್ಲಿ ಆತ ಪಾತ್ರ. ದಂಡಿ, ಬಾಣರು ಆತನ ಶಾಸ್ತ್ರವನ್ನು ಪ್ರಸ್ತಾಪಿಸುತ್ತಾರೆ. ನಮ್ಮ ‘ವಡ್ಡಾರಾಧನೆ’ಯಲ್ಲಿಯೂ ಚಾಣಕ್ಯರಿಸಿಯ ಕಥೆಯಿದೆ. ಆದರೆ ಆತನ ಗ್ರಂಥ ಮಾತ್ರ ಕಣ್ಣಿಗೆ ಬಿದ್ದಿರಲಿಲ್ಲ. ಇತರರು ಉದ್ಧರಿಸಿದ ಚೂರುಗಳಿಂದಲೇ ಅದನ್ನು ಊಹಿಸಬೇಕಾಗಿತ್ತು. ಹೀಗಿರುವಾಗ, 1905ರ ಸುಮಾರಿಗೆ, ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯಲ್ಲಿದ್ದ ಓಲೆಗರಿಯ ಕಟ್ಟೊಂದನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಪ್ಪಿಸಿದರು. ಅದರೊಡನೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕೂ ಇತ್ತು.

ಆ ಕಟ್ಟನ್ನು ಬಿಚ್ಚಿ ಓದಿದವರು ಆಗ ಅಲ್ಲಿ ಕೆಲಸದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು (1868–1944). ಕಾವೇರಿಯ ದಡದ ಊರಿನಿಂದ ಬಂದ ಈ ವಿದ್ವಾಂಸರು ತಮ್ಮ ಕೈಯಲ್ಲಿದ್ದುದು ಏನೆಂದು ಗುರುತಿಸಿದರು. ಭಾಗಭಾಗವಾಗಿ ಅನುವಾದಿಸಿ ಪತ್ರಿಕೆಗಳಲ್ಲಿ ಪ್ರಕಟಿಸಿದರು. 1909ರಲ್ಲಿ ಸಂಸ್ಕೃತ ಮೂಲವನ್ನೂ 1915ರಲ್ಲಿ ಸಮಗ್ರ ಇಂಗ್ಲಿಷ್ ಅನುವಾದವನ್ನೂ ಹೊರತಂದರು. ಹದಿನೈದು ಅಧಿಕರಣಗಳ ಆ ಗ್ರಂಥದಲ್ಲಿ ತೆರಿಗೆ, ನೀರಾವರಿ, ಗಣಿ, ಅಳತೆ ತೂಕ, ಕೂಲಿ, ನ್ಯಾಯ, ಗೂಢಚಾರಿಕೆ, ಯುದ್ಧ ಎಲ್ಲವೂ ಇವೆ. ಪ್ರಾಚೀನ ಭಾರತೀಯರು ಪರಲೋಕದ ಚಿಂತೆಯಲ್ಲಿಯೇ ಮುಳುಗಿದ್ದರು, ರಾಜ್ಯವ್ಯವಹಾರದ ಶಾಸ್ತ್ರ ಅವರಿಗಿರಲಿಲ್ಲ ಎಂದು ನಂಬಿದ್ದವರು ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು. ಗ್ರಂಥದ ಕಾಲವೇನು, ಅದು ಒಬ್ಬನ ಕೃತಿಯೇ ಅಥವಾ ಹಲವರ ಕೈ ಅದರಲ್ಲಿ ಸೇರಿದೆಯೇ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಬೇರೆ ಕಡೆಗಳಲ್ಲಿ ಇನ್ನಷ್ಟು ಪ್ರತಿಗಳು ದೊರೆತವು. 1924–25ರಲ್ಲಿ ತಿರುವನಂತಪುರದಿಂದ ಟಿ. ಗಣಪತಿಶಾಸ್ತ್ರಿಗಳ ಆವೃತ್ತಿಯೂ, 1960ರಿಂದ ಮುಂಬಯಿ ವಿಶ್ವವಿದ್ಯಾನಿಲಯದಿಂದ ಆರ್. ಪಿ. ಕಾಂಗ್ಲೆಯವರ ಪರಿಷ್ಕೃತ ಆವೃತ್ತಿಯೂ ಬಂದವು. ಆದರೆ ಆ ಚರ್ಚೆಗೆಲ್ಲ ಬಾಗಿಲು ತೆರೆದುದು ಮೈಸೂರಿನ ಆ ಕಟ್ಟು.

ಇಲ್ಲಿ ಗಮನಿಸತಕ್ಕ ಸಂಗತಿಗಳು ಮೂರು. ಮೊದಲನೆಯದು, ಕೊಟ್ಟವರು. ತಂಜಾವೂರಿನ ಆ ಪಂಡಿತರು ಯಾರೆಂದು ಪುಸ್ತಕಗಳು ಹೇಳುವುದಿಲ್ಲ. ‘ಒಬ್ಬ ಪಂಡಿತರು’ ಎಂದಷ್ಟೇ ಚರಿತ್ರೆಯಲ್ಲಿ ನಿಂತಿದ್ದಾರೆ. ಅವರು ಕೊಡದೆ ತಮ್ಮಲ್ಲಿಯೇ ಇಟ್ಟುಕೊಂಡಿದ್ದರೆ? ಎರಡನೆಯದು, ಓದಿದವರು. ಮೂಲದ ಭಾಷೆ ಸಂಸ್ಕೃತ, ಲಿಪಿ ತಮಿಳುನಾಡಿನಲ್ಲಿ ಬಳಕೆಯಲ್ಲಿದ್ದ ಗ್ರಂಥಲಿಪಿ, ಓದಿದವರು ಕನ್ನಡನಾಡಿನವರು. ಭಾಷೆ ಗೊತ್ತಿದ್ದು ಲಿಪಿ ಗೊತ್ತಿಲ್ಲದಿದ್ದರೂ, ಲಿಪಿ ಗೊತ್ತಿದ್ದು ಶಾಸ್ತ್ರ ಗೊತ್ತಿಲ್ಲದಿದ್ದರೂ ಆ ಕಟ್ಟು ಮೂಕವಾಗಿಯೇ ಇರುತ್ತಿತ್ತು. ಮೂರನೆಯದು ಸ್ವಲ್ಪ ವಿಚಿತ್ರವಾದುದು. ‘ಅರ್ಥಶಾಸ್ತ್ರ’ದ ಎರಡನೆಯ ಅಧಿಕರಣದಲ್ಲಿ ಅಕ್ಷಪಟಲ ಎಂಬ ಲೆಕ್ಕಪತ್ರದ ಕಚೇರಿಯನ್ನು ಹೇಗೆ ಕಟ್ಟಬೇಕು, ದಾಖಲೆಯ ಪುಸ್ತಕಗಳನ್ನು ಎಲ್ಲಿ ಇಡಬೇಕು ಎಂಬ ವಿಧಿಗಳಿವೆ. ದಾಖಲೆ ಇಡುವುದನ್ನು ಕಲಿಸಿದ ಗ್ರಂಥವೇ ಶತಮಾನಗಳ ಕಾಲ ದಾಖಲೆಗೆ ಸಿಗದೆ ಉಳಿಯಿತು!

ಭಾಷೆಗೂ ಲಿಪಿಗೂ ಇರುವ ಈ ವ್ಯತ್ಯಾಸವನ್ನು ನಮ್ಮಲ್ಲಿ ಅನೇಕರು ಮರೆಯುತ್ತಾರೆ. ಮೂಡುಬಿದಿರೆಯ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಜೈನರ ‘ಧವಲಾ’ ಟೀಕೆಯ ಓಲೆಗಳ ಲಿಪಿ ಹಳಗನ್ನಡ, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಅದು ಅಚ್ಚಿನಲ್ಲಿ ಬರತೊಡಗಿದುದು 1939ರಿಂದ. ಹೀಗೆ ಕನ್ನಡ ಲಿಪಿ ಬಲ್ಲವನು ಕನ್ನಡದ ಗ್ರಂಥಗಳಿಗೆ ಮಾತ್ರವಲ್ಲ, ಇಡೀ ದೇಶದ ವಿದ್ಯೆಯ ಒಂದು ಭಾಗಕ್ಕೆ ಬೀಗದ ಕೈ ಹಿಡಿದವನು. ಕನ್ನಡದ ಜೊತೆಗೆ ಗ್ರಂಥ, ತಿಗಳಾರಿ, ನಂದಿನಾಗರಿ, ಮೋಡಿ ಮೊದಲಾದ ಲಿಪಿಗಳೂ ನಮ್ಮ ನಾಡಿನ ಬರಹಗಳಲ್ಲಿ ಬಳಕೆಯಾಗಿವೆ. ಅವುಗಳನ್ನು ಸರಾಗವಾಗಿ ಓದಬಲ್ಲವರು ಇಂದು ವಿರಳರಾಗಿದ್ದಾರೆ.

‘ಕನ್ನಡ ಓಲೆಯಾದರೆ ನಾವೂ ಓದಬಹುದಲ್ಲ?’ ಎಂದು ಯಾರಾದರೂ ಕೇಳಬಹುದು. ಅದೂ ಸುಲಭವಲ್ಲ. ಓಲೆಯಲ್ಲಿ ಪದಗಳ ನಡುವೆ ಜಾಗ ಬಿಡುವ ಪದ್ಧತಿಯಿಲ್ಲ. ಪದ್ಯದ ಪಾದಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆಯುವುದಿಲ್ಲ. ಅಲ್ಪವಿರಾಮ, ಪ್ರಶ್ನಾರ್ಥಕ ಚಿಹ್ನೆಗಳಿಲ್ಲ. ‘ಕೊಡಲಿಲ್ಲ’ ಎಂಬಷ್ಟು ಚಿಕ್ಕ ಬರಹವನ್ನೇ ತೆಗೆದುಕೊಳ್ಳಿ. ಅದು ‘ಕೊಡಲಿಲ್ಲ’ ಎಂಬ ಒಂದೇ ಪದವೋ, ‘ಕೊಡಲಿ ಇಲ್ಲ’ ಎಂಬ ಎರಡು ಪದಗಳ ಸಂಧಿಯೋ? ಹಿಂದುಮುಂದಿನ ಅರ್ಥವನ್ನು ನೋಡಿಯೇ ನಿರ್ಣಯಿಸಬೇಕು. ಹಳೆಯ ಬರವಣಿಗೆಯಲ್ಲಿ ಎಕಾರ ಒಕಾರಗಳಿಗೆ ಹ್ರಸ್ವ ದೀರ್ಘ ಭೇದವನ್ನು ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ಆದುದರಿಂದ ‘ಬೆಳೆ’ಯೂ ‘ಬೇಳೆ’ಯೂ ಕಣ್ಣಿಗೆ ಒಂದೇ. ‘ಕೊಡು’ ಎಂದಿದ್ದರೆ ಕೊಡಬೇಕಾದುದೋ, ಎತ್ತಿನ ಕೋಡೋ ತಿಳಿಯದು.

ಇದರ ಮೇಲೆ ಲಿಪಿಕಾರರ ಕೈವಾಡ ಬೇರೆ. ಹಳಗನ್ನಡದ ಱ, ೞ ಅಕ್ಷರಗಳು ಬಳಕೆ ತಪ್ಪಿದ ಮೇಲೆ ಬಂದ ಲಿಪಿಕಾರರು ಅವುಗಳ ಜಾಗದಲ್ಲಿ ರ, ಳ ಬರೆದರು. ‘ಪೊೞಲ್’ ಎಂಬುದು ‘ಹೊಳಲು’ ಆದಂತೆ, ತಮ್ಮ ಕಾಲದ ಬಾಯಿಮಾತನ್ನು ತಿಳಿಯದೆಯೇ ಹಳೆಯ ಕಾವ್ಯಕ್ಕೆ ಸೇರಿಸಿದರು. ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿ ನಡುವಿನ ಪದ್ಯವೇ ಬಿಟ್ಟುಹೋದುದೂ ಉಂಟು. ಹೀಗಾಗಿ ಒಂದು ಕಾವ್ಯದ ಹಲವು ಪ್ರತಿಗಳನ್ನು ಪಕ್ಕದಲ್ಲಿಟ್ಟುಕೊಂಡು, ಪಾಠಾಂತರಗಳನ್ನು ಗುರುತಿಸಿ, ಛಂದಸ್ಸು ವ್ಯಾಕರಣ ಅರ್ಥಗಳ ಒರೆಗಲ್ಲಿಗೆ ಹಚ್ಚಿ, ಕವಿಯ ಮಾತು ಇದೇ ಇರಬೇಕು ಎಂದು ನಿರ್ಧರಿಸುವ ಶಾಸ್ತ್ರವೇ ಬೆಳೆಯಿತು. ಮೈಸೂರಿನ ಡಿ. ಎಲ್. ನರಸಿಂಹಾಚಾರ್ಯರು ಆ ಶಾಸ್ತ್ರವನ್ನು ಕುರಿತು ‘ಕನ್ನಡ ಗ್ರಂಥಸಂಪಾದನೆ’ ಎಂಬ ಪುಸ್ತಕವನ್ನೇ 1964ರಲ್ಲಿ ಹೊರತಂದರು. ನಮ್ಮ ಪಠ್ಯಪುಸ್ತಕದ ಒಂದೊಂದು ಹಳಗನ್ನಡ ಪದ್ಯದ ಹಿಂದೆಯೂ ಈ ಪರಿಶ್ರಮವಿದೆ. ಪರೀಕ್ಷೆಯ ಮುನ್ನಾದಿನ ಅದನ್ನು ಶಪಿಸುತ್ತಾ ಕಂಠಪಾಠ ಮಾಡುವ ನಾವು ಇದನ್ನು ಒಮ್ಮೆ ನೆನೆಯುವುದು ನ್ಯಾಯ.

ಓದುವ ಮುನ್ನ ಭಂಡಾರದಲ್ಲಿ ಏನಿದೆ ಎಂದು ತಿಳಿಯಬೇಕಷ್ಟೆ. ಅದಕ್ಕಾಗಿ ವರ್ಣನಾತ್ಮಕ ಸೂಚಿ. ಕೃತಿಯ ಹೆಸರು, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಗರಿಯೊಂದಕ್ಕೆ ಎಷ್ಟು ಸಾಲು, ಗ್ರಂಥ ಸಮಗ್ರವೋ ಅಸಮಗ್ರವೋ, ಆದಿಯಲ್ಲಿ ಏನಿದೆ, ಅಂತ್ಯದಲ್ಲಿ ಏನಿದೆ ಎಂಬುದನ್ನೆಲ್ಲ ಅದರಲ್ಲಿ ನಮೂದಿಸುತ್ತಾರೆ. ನೋಡುವುದಕ್ಕೆ ನೀರಸವಾದ ಕೆಲಸ. ಆದರೆ ಇದಿಲ್ಲದೆ ಭಂಡಾರವೆಂಬುದು ಕತ್ತಲೆಯ ಕೋಣೆ. ಕಾಲನಿರ್ಣಯವೂ ಸುಲಭವಲ್ಲ. ಲಿಪಿಕಾರನು ಶಕವರ್ಷವನ್ನು ಕೊಡದೆ ಬರಿಯ ‘ಪ್ರಭವ ಸಂವತ್ಸರ’ ಎಂದು ಬರೆದಿದ್ದರೆ, ಅರವತ್ತು ವರ್ಷಕ್ಕೊಮ್ಮೆ ಮರಳುವ ಆ ಹೆಸರು 1807ಕ್ಕೂ, 1867ಕ್ಕೂ, 1927ಕ್ಕೂ ಹೊಂದುತ್ತದೆ. ತಿಥಿ, ವಾರ, ಅಕ್ಷರದ ರೂಪಗಳನ್ನು ನೋಡಿ ಯಾವುದೆಂದು ಗೊತ್ತುಮಾಡಬೇಕು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿಯೂ ಮೂರನೆಯದು 1929ರಲ್ಲಿಯೂ ಬಂದವು. ಆ ಸಂಪುಟಗಳಲ್ಲಿರುವ ಕವಿಗಳಲ್ಲಿ ಅನೇಕರ ಕೃತಿಗಳು ಆಗಿನ್ನೂ ಅಚ್ಚಾಗಿರಲಿಲ್ಲ. ಓಲೆಗಳನ್ನು ಹುಡುಕಿ ಓದಿದುದರ ಫಲ ಅದು. ಅತ್ತ ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಊರೂರಿನಿಂದ ವಚನಗಳ ಓಲೆಗಳನ್ನು ಕಲೆಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸದಿದ್ದರೆ ಶರಣರ ಮಾತು ಇಷ್ಟು ಬೇಗ ಜನರ ಬಾಯಿಗೆ ಬರುತ್ತಿತ್ತೇ?

ಇಷ್ಟು ಹೇಳಿದ ಮೇಲೆ ಒಂದು ಸಂದೇಹ ಉಳಿಯುತ್ತದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮ ಅಟ್ಟದಲ್ಲಿ ಇದ್ದದ್ದು ನೇಗಿಲಿನ ಮುರುಕು ಮತ್ತು ಬಿತ್ತನೆಯ ಕಾಳು. ಓಲೆಯ ಕಟ್ಟು ಇರಲಿಲ್ಲ. ಹಾಗಾದರೆ ಈ ಭಂಡಾರ ನನ್ನಂಥವರಿಗೆ ಸೇರಿದ್ದೇ? ಈ ಪ್ರಶ್ನೆಗೆ ನನಗೆ ಉತ್ತರ ದೊರೆತುದು ಕಡತ ಎಂಬ ಮಾತಿನಲ್ಲಿ. ಇಂದು ಕಡತವೆಂದರೆ ಸರ್ಕಾರಿ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯಿಂದ ಮಾಡಿದ ಪುಸ್ತಕ. ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಶಾನುಭೋಗರ ಲೆಕ್ಕ, ವ್ಯಾಪಾರಿಗಳ ಕೊಡುಕೊಳ್ಳುವ ವ್ಯವಹಾರ, ಮಠಗಳ ಆದಾಯ ವೆಚ್ಚ ಇವು ಕಡತಗಳಲ್ಲಿ ಬರುತ್ತಿದ್ದವು. ಯಾವ ಹೊಲ ಯಾರದು, ಯಾರು ಎಷ್ಟು ಕಂದಾಯ ಕೊಟ್ಟರು, ಯಾವ ವರ್ಷ ಬೆಳೆ ಕೈಕೊಟ್ಟಿತು ಎಂಬುದನ್ನು ತಿಳಿಯಬೇಕಾದರೆ ಇಂಥ ಬರಹಗಳನ್ನೇ ನೋಡಬೇಕು.

ನನ್ನ ಮುತ್ತಜ್ಜನಂಥವರು ತಮ್ಮ ಹೆಸರನ್ನು ತಾವು ಬರೆದವರಲ್ಲ. ಇನ್ನೊಬ್ಬರು ಬರೆದುದನ್ನು ಓದಿದವರೂ ಅಲ್ಲ. ಆದರೆ ಅವರ ಹೊಲ, ಅವರ ಎತ್ತು, ಅವರ ಸಾಲ ಯಾವುದೋ ಲೆಕ್ಕದ ಸಾಲಿನಲ್ಲಿ ಸೇರಿರುತ್ತದೆ. ಅರಸರ ಚರಿತ್ರೆಗೆ ಶಾಸನಗಳಿವೆ. ಕವಿಗಳ ಚರಿತ್ರೆಗೆ ಕಾವ್ಯಗಳಿವೆ. ಉತ್ತವರ ಚರಿತ್ರೆಗೆ ಈ ಮಾಸಿದ ಲೆಕ್ಕಗಳೇ ಆಧಾರ. ಅವುಗಳಲ್ಲಿರುವುದು ‘ಬೆಳೆ’ಯೋ ‘ಬೇಳೆ’ಯೋ ಎಂದು ನಿರ್ಣಯಿಸಲು ಹೊಲ ಗದ್ದೆ ಬಲ್ಲವನ ಮಗನೇ ಹೆಚ್ಚು ಸಮರ್ಥನಾದಾನು. ಆದುದರಿಂದ ಈ ವಿದ್ಯೆ ಕೆಲವು ಮನೆತನಗಳ ಸೊತ್ತೆಂದು ದೂರ ನಿಲ್ಲುವುದು ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ.

ಈಗ ಸಂರಕ್ಷಣೆಯ ವಿಧಾನಗಳು ಬಹಳ ಮುಂದುವರಿದಿವೆ. ಓಲೆಯನ್ನು ಮೆತ್ತಗಿಡಲು, ಹುಳುಗಳನ್ನು ದೂರವಿಡಲು ಸಿಟ್ರೊನೆಲಾದಂತಹ ಹುಲ್ಲಿನ ಎಣ್ಣೆಯನ್ನು ಹಚ್ಚುತ್ತಾರೆ. 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಮೇಲೆ ದೇಶದ ಹಸ್ತಪ್ರತಿಗಳನ್ನು ಗುರುತಿಸಿ ಪಟ್ಟಿ ಮಾಡುವ ಕೆಲಸ ವ್ಯಾಪಕವಾಯಿತು. ಗರಿಗರಿಯ ಚಿತ್ರ ತೆಗೆದು ಗಣಕಯಂತ್ರದಲ್ಲಿ ಇಡುವುದೂ ಸಾಧ್ಯವಾಗಿದೆ. ಇದು ಸಂತೋಷದ ಸಂಗತಿ. ಮೂಲವನ್ನು ಮತ್ತೆ ಮತ್ತೆ ಮುಟ್ಟದೆ ಓದಬಹುದು, ಒಂದು ಊರಿನಲ್ಲಿರುವುದನ್ನು ಇನ್ನೊಂದು ಊರಿನಿಂದ ನೋಡಬಹುದು. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಗ್ರಂಥ ಉಳಿಯಿತೆಂದು ತಿಳಿಯಬಾರದು. ಓದಲು ಬಾರದವನಿಗೆ ಓಲೆಯೂ ಒಂದೇ, ಅದರ ಚಿತ್ರವೂ ಒಂದೇ. ಅಟ್ಟದ ಕಟ್ಟಿಗೆ ಕುಂಕುಮವಿಟ್ಟು ಸುಮ್ಮನಾದಂತೆಯೇ, ಚಿತ್ರ ತೆಗೆದಿಟ್ಟು ಸುಮ್ಮನಾಗುವುದೂ ಆದೀತು.

ಹಾಗಾದರೆ ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೇನು? ಎಲ್ಲರೂ ಸಂಶೋಧಕರಾಗಬೇಕಾಗಿಲ್ಲ. ನಮ್ಮ ಊರಿನಲ್ಲಿ ಯಾರ ಮನೆಯಲ್ಲಿ ಓಲೆ, ಕಡತ, ಹಳೆಯ ಲೆಕ್ಕದ ಪುಸ್ತಕಗಳಿವೆ ಎಂದು ರಜೆಯಲ್ಲಿ ವಿಚಾರಿಸಿ ಪಟ್ಟಿ ಮಾಡಬಹುದು. ಮುರುಕಲೆಂದು ಹೊಳೆಗೆ ಬಿಡಲು ಹೊರಟವರನ್ನು ತಡೆದು, ಮನೆಯವರ ಒಪ್ಪಿಗೆಯಿಂದ ವಿಶ್ವವಿದ್ಯಾನಿಲಯದ ಭಂಡಾರಕ್ಕೆ ತಿಳಿಸಬಹುದು. ನಾವೇ ಎಣ್ಣೆ ಹಚ್ಚಲು, ದಾರ ಎಳೆಯಲು ಹೋಗದಿದ್ದರೆ ಅದೇ ಉಪಕಾರ. ಅದು ಬಲ್ಲವರ ಕೆಲಸ. ನಮ್ಮಲ್ಲಿ ನಾಲ್ಕೈದು ಜನರಾದರೂ ಹಳೆಯ ಕನ್ನಡದ ಬರವಣಿಗೆಯನ್ನೋ ಮೋಡಿಯನ್ನೋ ಕಲಿಯಬಹುದು. ಅಧ್ಯಾಪಕರು ಮನಸ್ಸು ಮಾಡಿದರೆ ವಾರಕ್ಕೊಂದು ಗಂಟೆ ಅದಕ್ಕೆ ಸಾಲುತ್ತದೆ. ಅಕ್ಷರಗಳನ್ನು ಗುರುತಿಸುವುದು ಮೊದಮೊದಲು ಮರಳಿನಲ್ಲಿ ಎಳ್ಳು ಹುಡುಕಿದಂತೆ ಅನಿಸಬಹುದು. ಅಭ್ಯಾಸದಿಂದ ಕಣ್ಣು ಪಳಗುತ್ತದೆ.

ತಂಜಾವೂರಿನ ಆ ಪಂಡಿತರನ್ನು ಮತ್ತೊಮ್ಮೆ ನೆನೆದು ಈ ಲೇಖನವನ್ನು ಮುಗಿಸುತ್ತೇನೆ. ಅವರು ಗ್ರಂಥವನ್ನು ರಚಿಸಿದವರಲ್ಲ, ಅಚ್ಚು ಹಾಕಿದವರಲ್ಲ. ತಮ್ಮಲ್ಲಿದ್ದುದನ್ನು ಓದುವವರ ಕೈಗೆ ತಲಪಿಸಿದರು, ಅಷ್ಟೆ. ಅವರು ಕೊಡದಿದ್ದರೆ ಶಾಸ್ತ್ರಿಗಳ ಪಾಂಡಿತ್ಯಕ್ಕೆ ಆ ಗ್ರಂಥ ದೊರೆಯುತ್ತಿರಲಿಲ್ಲ. ಶಾಸ್ತ್ರಿಗಳು ಓದದಿದ್ದರೆ ಪಂಡಿತರ ಕೊಡುಗೆ ಕಪಾಟಿನಲ್ಲಿ ಮಲಗುತ್ತಿತ್ತು. ಕೊಡುವ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಓದುವ ಕಣ್ಣುಗಳು ನಮ್ಮ ಕಾಲೇಜುಗಳಿಂದ ಹೊರಡಬೇಕು.